ಮೀನಿಲ್ಲದ ತಿಂಗಳಲ್ಲಿ ಮೀನಿನ ವಾಸನೆ: ಉಡುಪಿಯ ಒಂದು ಮನೆ, ಒಂದು ಲ್ಯಾಬ್ರಡಾರ್

ಮನೆ ಉಡುಪಿಯ ಅಂಬಲಪಾಡಿ ಕಡೆಯದ್ದು. ಒಂದು ಬದಿ ಹಳೆಯ ಹಂಚಿನ ಮನೆ: ಕಾವಿ ನೆಲದ ಚಾವಡಿ, ಕೆಂಪುಕಲ್ಲಿನ ಗೋಡೆ, ಮರದ ದಾರಂದ, ಅಂದರೆ ಬಾಗಿಲಿನ ಚೌಕಟ್ಟು. ಅದಕ್ಕೆ ತಾಗಿಸಿ ಈಚೆಗೆ ಕಟ್ಟಿದ ತಾರಸಿ ಭಾಗ: ಟೈಲ್ಸ್ ನೆಲ, ಬಟ್ಟೆಯ ಸೋಫಾ ಇರುವ ಹಾಲ್, ಎರಡು ಮಲಗುವ ಕೋಣೆ. ಮನೆಯಲ್ಲಿ ಅಮ್ಮ, ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಗಳು. ಐದನೆಯವನು ಬ್ರೂನೋ. ಆರು ವರ್ಷದ ಗಂಡು ಲ್ಯಾಬ್ರಡಾರ್, ತೂಕ 38 ಕಿಲೋ, ಸಂತಾನಹರಣ ಚಿಕಿತ್ಸೆ ಆಗಿಲ್ಲ.

ನನ್ನ ಕೆಲಸ ಮನೆಮನೆಗೆ ಹೋಗಿ ನಾಯಿಗೆ ಸ್ನಾನ ಮಾಡಿಸುವುದು, ಕೂದಲು ಬಾಚುವುದು, ಉಗುರು ಕತ್ತರಿಸುವುದು. ಜುಲೈ ತಿಂಗಳ ನಡುವೆ, ತುಳುನಾಡಿನ ಮಳೆಗಾಲದ ತಿಂಗಳಾದ ಆಟಿ ಶುರುವಾಗುವ ಹೊತ್ತಿಗೆ ಆ ಮನೆಯಿಂದ ಫೋನ್ ಬಂತು. ಮಗ ಹೇಳಿದ್ದು ಇಷ್ಟೇ: "ಒಳ್ಳೆ ಪರಿಮಳದ ಶಾಂಪೂ ಹಾಕಿ ಸ್ನಾನ ಮಾಡಿಸಿ ಕೊಡಿ. ಚೌತಿಗೆ ಮನೆಯಲ್ಲಿ ಗಣಹೋಮ ಉಂಟು, ನೆಂಟರು ಬರ್ತಾರೆ. ಅಷ್ಟರೊಳಗೆ ಈ ವಾಸನೆ ಹೋಗಬೇಕು." ಅಮ್ಮನ ಬೇಡಿಕೆ ಬೇರೆ ಇತ್ತು. "ನಾಯಿಯನ್ನು ಹೊರಗೆ ಕಟ್ಟಿ ಅಂತ ನೀವೇ ಒಂದು ಮಾತು ಹೇಳಿ ಮಾರಾಯ್ರೆ. ನಾನು ಹೇಳಿದರೆ ಇಲ್ಲಿ ಯಾರೂ ಕೇಳುದಿಲ್ಲ." ಸೊಸೆ ಮಾತಾಡಲಿಲ್ಲ. ದಿನಾ ಎರಡು ಹೊತ್ತು ಆ ನೆಲ ಒರೆಸುತ್ತಿದ್ದವರು ಅವರೇ.

ಅವರು ಯಾರೂ ಸುಮ್ನೆ ಕೂತಿರಲಿಲ್ಲ ಅನ್ನುವುದನ್ನು ಮೊದಲೇ ಹೇಳಬೇಕು. ವಾರಕ್ಕೆ ಎರಡು ಸಲ ಬ್ರೂನೋನಿಗೆ ಸ್ನಾನ, ಮನೆಮಂದಿ ಹಚ್ಚುವ ಸೋಪಿನಲ್ಲೇ. ಕೆಲವೊಮ್ಮೆ ನೀರಿಗೆ ಗಾಯ ತೊಳೆಯುವ ದ್ರಾವಣವೂ ಬೀಳುತ್ತಿತ್ತು. ಬೆಳಿಗ್ಗೆ ಸಂಜೆ ಫಿನಾಯಿಲ್ ಹಾಕಿ ನೆಲ ಒರೆಸುವುದು, ದೀಪ ಹಚ್ಚುವ ಹೊತ್ತಿಗೆ ಲೋಬಾನದ ಹೊಗೆ, ಸೋಫಾಕ್ಕೆ ಪರಿಮಳದ ಸ್ಪ್ರೇ. ಸಾಲದ್ದಕ್ಕೆ ನಾಯಿಯ ಹಾಸಿಗೆಯ ಕವರಿನೊಳಗೆ ಬೀರುವಿಗೆ ಹಾಕುವ ನುಸಿಗುಳಿಗೆ.

ನುಸಿಗುಳಿಗೆಯನ್ನು ನಾನು ಬೇರೆ ಯಾವ ಕೆಲಸಕ್ಕೂ ಮೊದಲು ತೆಗೆಸಿದೆ. ಅದರಲ್ಲಿರುವುದು ಹೆಚ್ಚಾಗಿ ನ್ಯಾಫ್ತಲೀನ್. ನಾಯಿ ಅದನ್ನು ನುಂಗಿದರೆ ರಕ್ತದ ಕೆಂಪು ಕಣಗಳು ಒಡೆಯುತ್ತವೆ, ಪಿತ್ತಜನಕಾಂಗಕ್ಕೂ ಪೆಟ್ಟು. ಸಿಕ್ಕಿದ್ದನ್ನೆಲ್ಲ ನುಂಗುವ ಜಾತಿಯ ನಾಯಿ ಮಲಗುವ ಜಾಗದಲ್ಲಿ ಅದನ್ನು ಇಡುವುದು ಬೇಡವೇ ಬೇಡ.

ಇನ್ನೊಂದು ವಿಷಯ ಸೊಸೆ ಆಮೇಲೆ ಮೆಲ್ಲಗೆ ಹೇಳಿದರು. ಮಳೆಗಾಲದಲ್ಲಿ ಅಂಗಳದ ಹಾವಸೆಗೆ ಚೆಲ್ಲಲು ಬ್ಲೀಚಿಂಗ್ ಪೌಡರ್ ತಂದಿಟ್ಟಿದ್ದರು. ಒಂದು ದಿನ ಚಾವಡಿಯ ಮೂಲೆಯಲ್ಲಿ ನಾಯಿ ಉಚ್ಚೆ ಹೊಯ್ದದ್ದಕ್ಕೆ ಅದನ್ನೇ ಕದಡಿ ಸುರಿದರಂತೆ. ಕಣ್ಣು ಉರಿ, ಕೆಮ್ಮು, ಅರ್ಧ ಗಂಟೆ ಹೊರಗೆ ಬಂದು ಕೂತದ್ದು. ಉಚ್ಚೆಯಲ್ಲಿ ಹುಟ್ಟುವ ಅಮೋನಿಯಾಕ್ಕೆ ಬ್ಲೀಚ್ ಸೇರಿದರೆ ಕ್ಲೋರಮೀನ್ ಎಂಬ ವಿಷಗಾಳಿ ಏಳುತ್ತದೆ. ಕಿಟಕಿ ಮುಚ್ಚಿದ ಮಳೆಗಾಲದ ಕೋಣೆಯಲ್ಲಿ ಅದು ಸಣ್ಣ ಸಂಗತಿ ಅಲ್ಲ.

ಎಲ್ಲಿಂದ ಬರುತ್ತದೆ ಎಂದು ನೋಡುವುದು

"ನಾಯಿ ವಾಸನೆ" ಅಂತ ಎಲ್ಲರೂ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಹಾಗೆ ಕರೆದ ಕೂಡಲೇ ಮದ್ದೂ ಒಂದೇ ಆಗಿಬಿಡುತ್ತದೆ: ನಾಯಿಯನ್ನು ತೊಳೆಯುವುದು. ನನ್ನ ಅನುಭವದಲ್ಲಿ ಒಂದು ಮನೆಯಲ್ಲಿ ಒಂದೇ ವಾಸನೆ ಇರುವುದು ಅಪರೂಪ. ಎರಡು ಮೂರು ಬೇರೆಬೇರೆ ಕಡೆಯಿಂದ ಬಂದು ಗಾಳಿಯಲ್ಲಿ ಸೇರಿರುತ್ತವೆ. ಒಂದೊಂದರ ಮೂಲ ಸಿಗದೆ ಶಾಂಪೂ, ಸ್ಪ್ರೇ ಎಂದು ದುಡ್ಡು ಸುರಿಯುವುದು ನೀರಿನಲ್ಲಿ ಹೋಮ ಮಾಡಿದ ಹಾಗೆ.

ಹುಡುಕುವುದಕ್ಕೆ ಯಂತ್ರ ಬೇಕಾಗಿಲ್ಲ, ಮೂಗು ಸಾಕು. ಆದರೆ ಆ ಮೂಗು ಮನೆಯವರದ್ದಾದರೆ ಆಗುವುದಿಲ್ಲ. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಕೂತರೆ ಯಾರ ಮೂಗೂ ಅದಕ್ಕೆ ಒಗ್ಗಿಬಿಡುತ್ತದೆ. ಹಾಗಾಗಿ ನಾನು ಒಂದು ಕೋಣೆಗೆ ಹೋಗುವುದು, ಹೊರಗೆ ಜಗಲಿಗೆ ಬಂದು ಸ್ವಲ್ಪ ಹೊತ್ತು ನಿಲ್ಲುವುದು, ಮತ್ತೆ ಇನ್ನೊಂದು ಕೋಣೆಗೆ ಹೋಗುವುದು, ಹೀಗೆ ಮಾಡುತ್ತೇನೆ. ಹಿಂದಿನ ರಾತ್ರಿ ಎಲ್ಲ ಕೋಣೆಗಳ ಬಾಗಿಲು ಬೇರೆಬೇರೆ ಮುಚ್ಚಿಡಲು, ಲೋಬಾನ ಫಿನಾಯಿಲ್ ಎರಡನ್ನೂ ನಿಲ್ಲಿಸಲು ಹೇಳಿದ್ದೆ. ಮತ್ತೆ, ನಿಂತು ಮೂಸುವುದಲ್ಲ. ಮಂಡಿಯೂರಿ, ನಾಯಿಯ ಎತ್ತರಕ್ಕೆ ಮೂಗು ತಂದು ಮೂಸಬೇಕು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಗು ತಡೆದುಕೊಂಡದ್ದು ಗೊತ್ತಾಗುತ್ತಿತ್ತು.

ಮಲಗುವ ಕೋಣೆಗಳಲ್ಲಿ ವಿಶೇಷ ಏನೂ ಇಲ್ಲ. ಹಾಲ್‌ನಲ್ಲಿ ಒದ್ದೆ ಕೂದಲಿನ ಮುಗ್ಗು ವಾಸನೆ, ಹಾಸಿಗೆ ಇದ್ದ ಮೂಲೆಯಲ್ಲಿ ಜಾಸ್ತಿ. ಚಾವಡಿಯಲ್ಲಿ ಕಣ್ಣಿಗೆ ತಾಗುವ ಅಮೋನಿಯಾ. ಈ ಎರಡನ್ನು ನಾನು ನಿರೀಕ್ಷಿಸಿದ್ದೆ. ಸೋಫಾದ ಎಡತುದಿಯಲ್ಲಿ ಮಾತ್ರ ಬೇರೆಯೇ ಒಂದು. ಮೀನು.

ಮೀನು ಎಲ್ಲಿಂದ ಬಂತು

ಸೊಸೆ ಕೂಡಲೇ ಹೇಳಿದರು, "ಅದು ಅಡುಗೆಮನೆಯದ್ದು, ನಮ್ಮಲ್ಲಿ ಮೀನು ಮಾಡುದಲ್ವಾ." ಕರಾವಳಿಯ ಮನೆಯಲ್ಲಿ ಇದು ಸಹಜ ಉತ್ತರ. ಆದರೆ ಅಮ್ಮ ಬಾಗಿಲಿನಿಂದಲೇ ತಿದ್ದಿದರು. "ಎಂತ ಮೀನು? ಬೋಟು ಕಡಲಿಗೆ ಹೋಗದೆ ಎಷ್ಟು ದಿನ ಆಯ್ತು. ಈ ಮನೆಗೆ ಮೀನು ಬಾರದೆ ಎಷ್ಟು ಸಮಯ ಆಯ್ತು."

ಸರಿಯಾದ ಮಾತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಇಲ್ಲಿ ಯಾಂತ್ರಿಕ ದೋಣಿಗಳು ಮೀನಿಗೆ ಇಳಿಯುವಂತಿಲ್ಲ. ನಾಡದೋಣಿಯವರು ತರುವ ಸ್ವಲ್ಪ ಮೀನಿಗೆ ಮಲ್ಪೆ ಬಂದರಿನಲ್ಲೇ ಬೆಂಕಿಯಂಥ ರೇಟು. ಈ ಮನೆಯಲ್ಲಿ ಆ ದಿನಗಳಲ್ಲಿ ಸೊಪ್ಪು, ಹಲಸಿನ ಬೀಜ, ಮೊಟ್ಟೆ. ಒಣಮೀನಿನ ಡಬ್ಬವೂ ಖಾಲಿ. ಹಾಗಾದರೆ ಸೋಫಾಕ್ಕೆ ಮೀನಿನ ವಾಸನೆ ಹತ್ತಿಸಿದವರು ಯಾರು?

ಬ್ರೂನೋನ ಬಾಲ ಎತ್ತಿ ನೋಡಿದೆ. ನಾಯಿಯ ಗುದದ ಎರಡು ಬದಿಯಲ್ಲಿ, ಗಡಿಯಾರದ 4 ಮತ್ತು 8ರ ಜಾಗದಲ್ಲಿ, ಚರ್ಮದೊಳಗೆ ಎರಡು ಸಣ್ಣ ಚೀಲಗಳಿರುತ್ತವೆ. ಆನಲ್ ಗ್ಲ್ಯಾಂಡ್ ಅಂತ ಹೇಳುವುದು ಇದಕ್ಕೇ. ಅದರೊಳಗಿನ ಕಂದು ದ್ರವ ನಾಯಿಗಳ ಗುರುತಿನ ಚೀಟಿ. ಎರಡು ನಾಯಿಗಳು ಎದುರಾದ ಕೂಡಲೇ ಹಿಂಬದಿ ಮೂಸುವುದು ಇದೇ ಕಾರಣಕ್ಕೆ. ಅದರ ವಾಸನೆ ಕೊಳೆತ ಮೀನಿನದ್ದೇ. ಸಾಮಾನ್ಯವಾಗಿ ಮಲ ಗಟ್ಟಿಯಾಗಿದ್ದರೆ ಹೊರಗೆ ಹೋಗುವಾಗ ಚೀಲದ ಮೇಲೆ ಒತ್ತು ಬಿದ್ದು ಸ್ವಲ್ಪಸ್ವಲ್ಪವೇ ಖಾಲಿಯಾಗುತ್ತದೆ. ಮಲ ಯಾವಾಗಲೂ ಮೆತ್ತಗಿದ್ದರೆ, ನಾಯಿ ದಪ್ಪ ಇದ್ದರೆ, ಆ ಒತ್ತು ಸಾಲುವುದಿಲ್ಲ. ತುಂಬಿ ಕಟ್ಟಿಕೊಳ್ಳುತ್ತದೆ, ಸೋರುತ್ತದೆ, ಹೆದರಿದರೆ ಒಮ್ಮೆಗೇ ಚಿಮ್ಮುವುದೂ ಉಂಟು.

"ಇವನು ಹಿಂಬದಿಯನ್ನು ನೆಲಕ್ಕೆ ಉಜ್ಜಿಕೊಂಡು ಹೋಗುತ್ತಾನಾ?" ಅಂತ ಕೇಳಿದೆ. ಮೊಮ್ಮಗಳಿಗೆ ನಗು. ಅವಳ ಹತ್ತಿರ ಅದರ ವಿಡಿಯೋ ಇತ್ತು. ಎರಡೂ ಮುಂಗಾಲಿನಲ್ಲಿ ಮೈ ಎಳೆದುಕೊಂಡು ಬ್ರೂನೋ ಹಾಲ್‌ನ ಉದ್ದಕ್ಕೂ ಜಾರುತ್ತಾನೆ, ಹಿಂದಿನಿಂದ ಮನೆಯವರೆಲ್ಲ ನಗುತ್ತಾರೆ. ನಾಯಿ ಹಾಗೆ ಮಾಡಿದರೆ ಜಂತುಹುಳ ಅಂತ ಕೆಲವರು ಹುಳದ ಮಾತ್ರೆ ಕೊಟ್ಟು ಬಿಡುತ್ತಾರೆ. ಹುಳ ಇರಲೂಬಹುದು. ಆದರೆ ಚೀಲ ಕಟ್ಟಿಕೊಂಡಿರುವುದು ಅದಕ್ಕಿಂತ ಸಾಮಾನ್ಯ ಕಾರಣ.

ಇದನ್ನು ನಾನು ಅಲ್ಲೇ ಹಿಂಡಲಿಲ್ಲ. ಕೆಲವು ಕಡೆ ಸ್ನಾನದ ಜೊತೆಗೆ ಪ್ರತಿ ಸಲವೂ ಹಿಂಡಿ ಕಳಿಸುವ ಪದ್ಧತಿ ಉಂಟು. ನನಗೆ ಅದು ಸರಿ ಕಾಣುವುದಿಲ್ಲ. ಸರಿ ಇರುವ ಚೀಲವನ್ನು ಪದೇಪದೇ ಹಿಂಡಿದರೆ ಊತ ಬರುತ್ತದೆ. ಕೀವಾಗಿದ್ದರೆ ಕೈಹಾಕಲೇಬಾರದು. ಬ್ರೂನೋನನ್ನು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಲು ಹೇಳಿದೆ, ಜೊತೆಗೆ ನಾನೂ ಹೋದೆ. ಅವರು ಕೈಗವಸು ಹಾಕಿ ಎರಡೂ ಬದಿ ಖಾಲಿ ಮಾಡಿದರು. ಬಂದದ್ದು ಗಟ್ಟಿ, ಕಂದು ಬಣ್ಣದ ಪೇಸ್ಟು. ಕೋಣೆಯಲ್ಲಿ ನಿಂತಿದ್ದ ಮಗ ಮೂಗು ಮುಚ್ಚಿಕೊಂಡು, "ಇದೇ, ಇದೇ ವಾಸನೆ" ಅಂದರು. ಇಷ್ಟು ತಿಂಗಳು ಅಡುಗೆಮನೆಯ ಸಿಂಕ್ ತೊಳೆದದ್ದು ಸೊಸೆ.

ಮೂಲ ಊಟದಲ್ಲಿತ್ತು. ಬ್ರೂನೋನಿಗೆ ದಿನಾ ಕುಚ್ಚಲಕ್ಕಿ ಅನ್ನ, ಅದರ ಮೇಲೆ ಮನೆಯ ಸಾರು, ನಡುನಡುವೆ ಬಿಸ್ಕೆಟು. ಸಾರಿನಲ್ಲಿ ನೀರುಳ್ಳಿ, ಬೆಳ್ಳುಳ್ಳಿ ಎರಡೂ ಇರುತ್ತವೆ. ಎರಡೂ ನಾಯಿಯ ರಕ್ತಕ್ಕೆ ಹಾನಿ. ಮೆಣಸು, ಎಣ್ಣೆಯಿಂದ ಮಲ ಮೆತ್ತಗಾಗುತ್ತಿತ್ತು. ಡಾಕ್ಟ್ರು ಸಾರು ಮತ್ತು ಬಿಸ್ಕೆಟು ಪೂರ್ತಿ ನಿಲ್ಲಿಸಿ, ಅನ್ನ ಕಡಿಮೆ ಮಾಡಿ, ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ, ಬೆಂದ ಸಿಹಿಗುಂಬಳ ಸೇರಿಸಲು ಹೇಳಿದರು. ಕುಂಬಳದ ನಾರು ಮಲವನ್ನು ಗಟ್ಟಿ ಮಾಡುತ್ತದೆ. ತೂಕ ಇಳಿಸಬೇಕು ಎಂದೂ ಹೇಳಿದರು. "ಪಾಪ, ಸಪ್ಪೆ ಹೇಗೆ ತಿನ್ನುದು" ಅಂತ ಬೇಸರ ಮಾಡಿಕೊಂಡದ್ದು ಯಾರು ಗೊತ್ತಾ? ಹೊರಗೆ ಕಟ್ಟಿ ಹಾಕಿ ಅಂದ ಅಮ್ಮನೇ.

ಕಿವಿ, ಪಾದ, ಕುತ್ತಿಗೆಪಟ್ಟಿ

ಅದೇ ದಿನ ಕಿವಿಯನ್ನೂ ನೋಡಿಸಿದೆವು. ಸ್ನಾನದ ಮೊದಲು ನಾನು ಯಾವ ನಾಯಿಯನ್ನೂ ತುಂಡುತುಂಡಾಗಿ ಮೂಸುತ್ತೇನೆ: ಬಾಯಿ, ಕಿವಿ, ಕುತ್ತಿಗೆ, ಬೆನ್ನು, ಬೆರಳ ಸಂದು, ಹಿಂಬದಿ. ಬ್ರೂನೋನ ಬಾಯಿ ಪರವಾಗಿಲ್ಲ, ಹಲ್ಲಿನ ಮೇಲೆ ಸ್ವಲ್ಪ ಕಲ್ಲು ಇತ್ತು ಅಷ್ಟೆ. ಬಲಕಿವಿಯ ಹಾಳೆ ಎತ್ತಿದರೆ ಒಳಗೆ ಕೆಂಪು, ಕಂದು ಮೇಣ, ಹುಳಿ ಜಾಸ್ತಿ ಬಂದ ಹಿಟ್ಟಿನ ವಾಸನೆ.

ಲ್ಯಾಬ್ರಡಾರ್‌ನ ಕಿವಿ ಜೋತುಬಿದ್ದಿರುತ್ತದೆ. ನಾಯಿಯ ಕಿವಿಯ ಕೊಳವೆ ಮನುಷ್ಯರದ್ದರ ಹಾಗೆ ನೇರ ಅಲ್ಲ, ಕೆಳಗೆ ಇಳಿದು ಒಳಕ್ಕೆ ತಿರುಗುತ್ತದೆ. ಸ್ನಾನದ ನೀರು ಒಳಗೆ ಹೋದರೆ ಆರುವುದಿಲ್ಲ. ಜುಲೈಯಲ್ಲಿ ಇಲ್ಲಿ ಗಾಳಿಯ ತೇವಾಂಶವೇ ಶೇಕಡಾ 85, 90ರ ಹತ್ತಿರ. ಡಾಕ್ಟ್ರು ಕಿವಿಯ ಮೇಣವನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ನೇರಳೆ ಬಣ್ಣದ ಸಣ್ಣ ಸಣ್ಣ ಕಣಗಳು, ನಡುವೆ ಸೊಂಟ ಹಿಡಿದಂತೆ ಕಿರಿದು. ಮಲಸೇಜಿಯಾ ಎಂಬ ಯೀಸ್ಟ್, ಒಂದು ಬಗೆಯ ಶಿಲೀಂಧ್ರ. ಎಲ್ಲ ನಾಯಿಗಳ ಚರ್ಮದಲ್ಲೂ ಅದು ಇರುತ್ತದೆ. ತೇವ, ಜಿಡ್ಡು, ಅಲರ್ಜಿ ಸಿಕ್ಕಿದರೆ ಮಿತಿಮೀರಿ ಬೆಳೆಯುತ್ತದೆ. ಬೆರಳ ಸಂದುಗಳಲ್ಲೂ ಅದೇ ಇತ್ತು. ಬಿಳಿ ಕೂದಲು ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ನೆಕ್ಕಿ ನೆಕ್ಕಿ ಎಂಜಲಿನ ಬಣ್ಣ ಹಿಡಿದದ್ದು.

ಕಿವಿಗೆ ಹನಿಮದ್ದು ಬಂತು. ಔಷಧದ ಅಂಗಡಿಯಿಂದ ಯಾವುದೋ ಕಿವಿಯ ಡ್ರಾಪ್ಸ್ ತಂದು ಬಿಡುವವರು ಇದ್ದಾರೆ. ಕಿವಿಯ ತಮಟೆ ತೂತಾಗಿದ್ದರೆ ಕೆಲವು ಮದ್ದು ಕಿವಿ ಕೇಳದ ಹಾಗೆ ಮಾಡಿಬಿಡಬಹುದು. ಅದಕ್ಕೇ ಒಳಗೆ ನೋಡಿದ ಮೇಲೆ ಮದ್ದು. ತೊಳೆಯುವ ವಿಧಾನ ಸೊಸೆಗೆ ತೋರಿಸಿಕೊಟ್ಟೆ: ಕಿವಿಯ ಕ್ಲೀನರನ್ನು ಕೊಳವೆ ತುಂಬ ಬಿಡುವುದು, ಕಿವಿಯ ಬುಡವನ್ನು ಹೊರಗಿನಿಂದ ಪಚಕ್ ಪಚಕ್ ಸದ್ದು ಬರುವಷ್ಟು ತಿಕ್ಕುವುದು, ಆಮೇಲೆ ದೂರ ಸರಿದು ನಿಲ್ಲುವುದು. ನಾಯಿ ತಲೆ ಕೊಡವುತ್ತದೆ, ಒಳಗಿದ್ದದ್ದು ಹೊರಗೆ ಹಾರುತ್ತದೆ. ಹೊರಬಂದದ್ದನ್ನು ಹತ್ತಿಯಲ್ಲಿ ಒರೆಸುವುದು. ಕಡ್ಡಿಗೆ ಹತ್ತಿ ಸುತ್ತಿ ಒಳಗೆ ಹಾಕಿದರೆ ಮೇಣ ಇನ್ನೂ ಆಳಕ್ಕೆ ಹೋಗುತ್ತದೆ.

ಕುತ್ತಿಗೆಪಟ್ಟಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ರೂನೋನದ್ದು ದಪ್ಪ ಚರ್ಮದ ಪಟ್ಟಿ, ಹಗಲು ರಾತ್ರಿ ಅವನ ಕುತ್ತಿಗೆಯಲ್ಲೇ. ಮಳೆಯಲ್ಲಿ ಒದ್ದೆ, ಸ್ನಾನದಲ್ಲಿ ಒದ್ದೆ, ಒಳಬದಿಯಲ್ಲಿ ಬೂಷ್ಟು. ಅದನ್ನು ಎಸೆದು, ತೊಳೆದರೆ ಬೇಗ ಆರುವ ಎರಡು ತೆಳ್ಳಗಿನ ನೈಲಾನ್ ಪಟ್ಟಿ ತರಿಸಿದೆವು. ಮನೆಯೊಳಗೆ ಇರುವಾಗ ಪಟ್ಟಿ ಬೇಡ.

ಸ್ನಾನ ಜಾಸ್ತಿಯಾಗಿ ಆದದ್ದು

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಬೆವರು ಬರುವುದು ಮುಖ್ಯವಾಗಿ ಪಾದದಲ್ಲಿ. ಮೈಯ ಕೂದಲನ್ನು ಕಾಯುವುದು ಚರ್ಮದ ಎಣ್ಣೆ. ಮನುಷ್ಯರ ಚರ್ಮದ ಪಿಎಚ್ (ಹುಳಿ, ಕ್ಷಾರದ ಅಳತೆ) ಸುಮಾರು 5.5, ನಾಯಿಯದ್ದು ಹೆಚ್ಚುಕಡಿಮೆ 7ರ ಹತ್ತಿರ. ನಮ್ಮ ಸೋಪು ಅದಕ್ಕೆ ಹೊಂದುವುದಿಲ್ಲ. ಚರ್ಮ ಒಣಗಿ ತುರಿಕೆ ಶುರುವಾಗುತ್ತದೆ, ಕೆರೆದ ಜಾಗದಲ್ಲಿ ಯೀಸ್ಟ್ ಬೆಳೆಯುತ್ತದೆ, ವಾಸನೆ ಬಂತು ಎಂದು ಮತ್ತೆ ಸ್ನಾನ. ಬ್ರೂನೋನ ಹೊಟ್ಟೆಯ ಕೆಳಗೆ ಇದು ಸ್ಪಷ್ಟವಾಗಿ ಕಾಣುತ್ತಿತ್ತು.

ಅದಕ್ಕಿಂತ ದೊಡ್ಡ ತೊಂದರೆ ಒಣಗಿಸುವುದರಲ್ಲಿ. ಲ್ಯಾಬ್ರಡಾರ್‌ಗೆ ಎರಡು ಪದರದ ಕೂದಲು. ಮೇಲಿನದ್ದು ಒರಟು, ಒಳಗಿನದ್ದು ಒತ್ತಾದ ಮೆತ್ತನೆ ತುಪ್ಪಳ. ಟವೆಲಿನಲ್ಲಿ ಒರೆಸಿದರೆ ಮೇಲಿನದ್ದು ಆರಿದಂತೆ ಕಾಣುತ್ತದೆ. ಬೆರಳು ಹಾಕಿ ಬುಡ ಮುಟ್ಟಿದರೆ ಗಂಟೆಗಟ್ಟಲೆ ಒದ್ದೆ. ಕೂದಲಿನಲ್ಲಿರುವ ಬ್ಯಾಕ್ಟೀರಿಯಾ, ಯೀಸ್ಟ್ ಬಿಡುವ ವಾಸನೆಯ ಕಣಗಳು ಒಣ ಕೂದಲಿಗೆ ಅಂಟಿಕೊಂಡು ಸುಮ್ಮನಿರುತ್ತವೆ. ನೀರು ಬಿದ್ದರೆ ಬಿಡಿಸಿಕೊಂಡು, ಆ ನೀರು ಆವಿಯಾಗುವಾಗ ಜೊತೆಗೇ ಗಾಳಿಗೆ ಏಳುತ್ತವೆ. ಒದ್ದೆ ನಾಯಿ ನಾರುವುದು ಇದರಿಂದಲೇ. ಸೆಖೆಗಾಲದಲ್ಲಿ ಒಂದು ಗಂಟೆಯ ಕಥೆ. ಆಟಿಯಲ್ಲಿ ವಾರಕ್ಕೆ ಎರಡು ಸ್ನಾನ ಮಾಡಿಸಿದರೆ ನಾಯಿ ಆರುವ ಹೊತ್ತೇ ಬರುವುದಿಲ್ಲ. ಬ್ರೂನೋ ಜೂನ್‌ನಿಂದ ಒಮ್ಮೆಯೂ ಪೂರ್ತಿ ಒಣಗಿರಲಿಲ್ಲ ಎಂದೇ ನನ್ನ ಅಂದಾಜು.

ಡಾಕ್ಟ್ರು ಕ್ಲೋರ್‌ಹೆಕ್ಸಿಡಿನ್, ಮೈಕೊನಾಜೋಲ್ ಎರಡೂ ಇರುವ ಮದ್ದಿನ ಶಾಂಪೂ ಬರೆದುಕೊಟ್ಟರು. ಮೊದಲ ಕೆಲವು ವಾರ ಅದರಲ್ಲೇ ಸ್ನಾನ, ಚರ್ಮ ಸುಧಾರಿಸಿದ ಮೇಲೆ ಅಂತರ ಹೆಚ್ಚಿಸುವುದು. ಈ ಶಾಂಪೂ ಹಚ್ಚಿದ ಕೂಡಲೇ ತೊಳೆದರೆ ಏನೂ ಉಪಯೋಗ ಇಲ್ಲ, 10 ನಿಮಿಷ ಮೈಮೇಲೆ ಇರಬೇಕು. ಒದ್ದೆ ನಾಯಿಯನ್ನು 10 ನಿಮಿಷ ನಿಲ್ಲಿಸುವುದು ಎಂದರೆ ಏನು ಅಂತ ಮಾಡಿದವರಿಗೇ ಗೊತ್ತು. ಬಚ್ಚಲಿನ ಗೋಡೆಗೆ ಸ್ವಲ್ಪ ಮೊಸರು ಸವರಿದೆ. ಅವನು ಅದನ್ನು ನೆಕ್ಕುತ್ತಾ ನಿಂತ, ಮೊಮ್ಮಗಳು ಮೊಬೈಲಿನಲ್ಲಿ ಸಮಯ ನೋಡಿದಳು.

ಸ್ನಾನದ ಮೊದಲು ಬಾಚುವುದು, ಆಮೇಲೆ ಅಲ್ಲ. ಒಳಕೂದಲು ಎಳೆಯುವ ಬ್ರಷ್ಷಿನಲ್ಲಿ ಹಿಂದಿನ ಜಗಲಿಯಲ್ಲಿ ಕೂತು ಬಾಚಿದರೆ ಒಂದು ಗೋಣಿಚೀಲದ ತಳ ಮುಚ್ಚುವಷ್ಟು ತುಪ್ಪಳ ಬಂತು. ನೀರು ಹಿಡಿದುಕೊಳ್ಳುತ್ತಿದ್ದದ್ದು ಅದೇ. ಸ್ನಾನ ಆದ ಮೇಲೆ ಎರಡು ಟವೆಲು, ಆಮೇಲೆ ತಣ್ಣಗಿನ ಗಾಳಿಯ ಬ್ಲೋವರ್, ಕೂದಲನ್ನು ಎದುರುದಿಕ್ಕಿಗೆ ಎತ್ತಿ ಬುಡ ಆರುವವರೆಗೆ. ಬ್ಲೋವರ್ ಇಲ್ಲದ ಮನೆಯಲ್ಲಿ ಟೇಬಲ್ ಫ್ಯಾನಿನ ಎದುರು ಕೂರಿಸಿ ಬಾಚುತ್ತಾ ಇದ್ದರೂ ಆಗುತ್ತದೆ, ಹೊತ್ತು ಹಿಡಿಯುತ್ತದೆ ಅಷ್ಟೆ. ಮಳೆಯಲ್ಲಿ ಹೊರಗೆ ಹೋಗಿ ಬಂದ ದಿನ ಸ್ನಾನ ಬೇಡ, ಹೊಟ್ಟೆ ಮತ್ತು ಪಾದ ಒರೆಸಿ ಒಣಗಿಸಿದರೆ ಸಾಕು.

ಬಿಸಿಲಿಗೆ ಹಾಕಿ ಅನ್ನುವವರಿಗೆ

ನಾಯಿಯ ಹಾಸಿಗೆ ಸೋಫಾ ವಾಸನೆ ಬಂದರೆ ಬಿಸಿಲಿಗೆ ಹಾಕಿ, ಅಡುಗೆ ಸೋಡಾ ಉದುರಿಸಿ, ಅಂತ ಎಲ್ಲರೂ ಹೇಳುತ್ತಾರೆ. ಉಡುಪಿಯಲ್ಲಿ ವರ್ಷಕ್ಕೆ ಬೀಳುವ ಸುಮಾರು 4000 ಮಿಲಿಮೀಟರ್ ಮಳೆಯಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಯಾವ ಬಿಸಿಲು? ಸೋಡಾ ಕೂಡ ಈ ತೇವದಲ್ಲಿ ಗಂಟುಕಟ್ಟಿ ಬಟ್ಟೆಯ ನೇಯ್ಗೆಯಲ್ಲಿ ಕೂರುತ್ತದೆ.

ನಾಯಿಯ ಹಾಸಿಗೆ ಆನ್‌ಲೈನಿನಲ್ಲಿ ತರಿಸಿದ ದಪ್ಪ ಸ್ಪಂಜಿನದ್ದು. ಕವರು ಒಗೆಯುತ್ತಿದ್ದರು. ಒಳಗಿನ ಸ್ಪಂಜನ್ನು ಒತ್ತಿದಾಗ ಕೈಗೆ ತಣ್ಣಗೆ ಹತ್ತಿತು. ಉಳಿಸುವ ಮಾತೇ ಇಲ್ಲ, ಎಸೆದೆವು. ಅದರ ಬದಲು ಕಬ್ಬಿಣದ ಚೌಕಟ್ಟಿಗೆ ನೈಲಾನ್ ಬಟ್ಟೆ ಬಿಗಿದ, ಕಾಲಿರುವ ಮಂಚ. ಕೆಳಗೆ ಗಾಳಿ ಆಡುತ್ತದೆ. ಮೇಲೆ ಅಮ್ಮನ ಹಳೆಯ ಹತ್ತಿ ಸೀರೆಯ ಎರಡು ಮಡಿಕೆ. ಸೀರೆಯ ತುಂಡುಗಳನ್ನು ಬದಲಾಯಿಸುತ್ತಾ ಬಿಸಿನೀರಿನಲ್ಲಿ ಒಗೆದು, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದು. ಸಪೂರ ಬಟ್ಟೆ, ರಾತ್ರಿ ಹಾಕಿದರೆ ಬೆಳಿಗ್ಗೆಗೆ ಆರುತ್ತದೆ.

ಸೋಫಾದಲ್ಲಿ ನಾವು ಪೂರ್ತಿ ಗೆಲ್ಲಲಿಲ್ಲ. ಕವರು ತೆಗೆದು ಒಗೆದು, ಮೆತ್ತೆಗಳನ್ನು ಏಸಿ ಇರುವ ಕೋಣೆಯಲ್ಲಿ ನಿಲ್ಲಿಸಿ, ಏಸಿಯನ್ನು ಡ್ರೈ ಮೋಡ್‌ನಲ್ಲಿ ಹಾಕಿ ಗಾಳಿಯ ತೇವ ಇಳಿಸಿ, ಆಮೇಲೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ವ್ಯಾಕ್ಯೂಮ್ ಮಾಡಿದೆವು. ಒಣ ಕೋಣೆಯಲ್ಲಿ ಸೋಡಾ ಕೆಲಸ ಮಾಡುತ್ತದೆ. ಎಡತುದಿಯ ಮೆತ್ತೆಯೊಳಗೆ ಗ್ಲ್ಯಾಂಡಿನ ದ್ರವ ಇಳಿದಿತ್ತು, ಅದರ ಸ್ಪಂಜನ್ನೇ ಬದಲಾಯಿಸಬೇಕಾಯಿತು. ಸೋಫಾದ ಮೇಲೆ ನಾಯಿ ಹತ್ತಬಾರದು ಎಂಬ ಹೊಸ ಕಾನೂನು ಮಗನೇ ಮಾಡಿದರು. ರಾತ್ರಿ ಟಿವಿ ನೋಡುವಾಗ ಅದನ್ನು ಮುರಿಯುವವರೂ ಅವರೇ ಅಂತ ಸೊಸೆಯ ದೂರು. ಒಂದು ಬೆಡ್‌ಶೀಟ್ ಹಾಸಿ ಎಂದು ರಾಜಿ ಮಾಡಿಸಿದೆ.

ಚಾವಡಿಯ ಮೂಲೆ

ಕರೆಂಟು ಹೋದ ಒಂದು ಸಂಜೆ ಯುವಿ ಟಾರ್ಚ್ ಹಿಡಿದು ಚಾವಡಿಗೆ ಹೋದೆವು. ಆರಿದ ಉಚ್ಚೆ ಆ ಬೆಳಕಿಗೆ ಹಳದಿ ಹಸಿರಾಗಿ ಹೊಳೆಯುತ್ತದೆ. ಸೋಪಿನ ಪುಡಿಯ ಕಲೆಯೂ ಹೊಳೆಯುತ್ತದೆ. ಹಾಗಾಗಿ ಬೆಳಕು ತೋರಿಸಿದ್ದನ್ನು ಮೂಗು ಒಪ್ಪಿಕೊಳ್ಳಬೇಕು. ನೆಲದ ನಡುವೆ ಏನೂ ಕಾಣಲಿಲ್ಲ. ಹಿತ್ತಿಲ ಬಾಗಿಲಿನ ದಾರಂದದ ಬುಡದಲ್ಲಿ, ಗೇಣೆತ್ತರಕ್ಕೆ, ಇಳಿದ ಗೆರೆಗಳು ಸಾಲುಸಾಲು. ಅದರ ಬುಡದ ಕಾವಿ ನೆಲದಲ್ಲಿ ಬಿರುಕು, ಬಿರುಕಿನ ಉದ್ದಕ್ಕೂ ಹೊಳಪು. ಅಮ್ಮ ಕೂತು ನೋಡಿ, "ಇಷ್ಟುಂಟಾ!" ಅಂದರು. ದಿನಾ ಒರೆಸುತ್ತಿದ್ದದ್ದು ನೆಲದ ನಡುವನ್ನು.

ಕಾರಣ ಎರಡು. ಜೋರು ಮಳೆಯ ರಾತ್ರಿ ಬ್ರೂನೋ ಅಂಗಳಕ್ಕೆ ಇಳಿಯುವುದಿಲ್ಲ. ಇನ್ನೊಂದು, ಹಿತ್ತಿಲ ಬಾಗಿಲಿನ ಹೊರಗೆ ಮಳೆಗೆ ಆಶ್ರಯ ಪಡೆಯುವ ಒಂದು ಬೀದಿನಾಯಿ. ಗೆರೆಯ ಎತ್ತರ ನೋಡಿದರೆ ಕಾಲೆತ್ತಿ ಗುರುತು ಹಾಕಿದ್ದು ಅಂತ ಗೊತ್ತಾಗುತ್ತದೆ, ತಡೆಯಲಾರದೆ ಹೊಯ್ದದ್ದು ಮಾತ್ರ ಅಲ್ಲ.

ಉಚ್ಚೆಯ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡುತ್ತದೆ. ಆರಿದ ಮೇಲೂ ಉಳಿಯುವ ಲವಣ ಗಾಳಿಯ ತೇವ ಹೀರಿ ಮತ್ತೆ ನಾರುತ್ತದೆ. "ಮಳೆ ಬಂದ ದಿನ ಜಾಸ್ತಿ" ಎಂದು ಅಮ್ಮ ಹೇಳುತ್ತಿದ್ದದ್ದು ಇದನ್ನೇ. ಫಿನಾಯಿಲ್ ಅದರ ಮೇಲೆ ಇನ್ನೊಂದು ವಾಸನೆ ಹೊದಿಸುತ್ತದೆ. ನಮಗೆ ಫಿನಾಯಿಲ್ ಮಾತ್ರ ಗೊತ್ತಾಗುತ್ತದೆ. ನಾಯಿಗೆ ಕೆಳಗಿನದ್ದೂ ಗೊತ್ತಾಗುತ್ತದೆ, ಅಲ್ಲೇ ಮತ್ತೆ ಕಾಲೆತ್ತುತ್ತದೆ.

ಬೇಕಾದದ್ದು ಎನ್‌ಜೈಮ್ ಕ್ಲೀನರ್. ಆ ಕೊಳೆಯನ್ನು ಒಡೆದು ತೆಗೆಯುವಂಥದ್ದು. ಮೊದಲು ಬರೀ ನೀರಿನಲ್ಲಿ ಹಲವು ಸಲ ಒರೆಸಿ ಫಿನಾಯಿಲಿನ ಅಂಶ ಕಳೆಯಬೇಕು, ಇಲ್ಲದಿದ್ದರೆ ಎನ್‌ಜೈಮೇ ಕೆಡುತ್ತದೆ. ಆಮೇಲೆ ಉಚ್ಚೆ ಎಲ್ಲಿವರೆಗೆ ಇಳಿದಿದೆಯೋ ಅಲ್ಲಿವರೆಗೆ ಇಳಿಯುವಷ್ಟು ಧಾರಾಳ ಸುರಿಯಬೇಕು. ಸ್ಪ್ರೇ ಮಾಡಿ ಒರೆಸಿದರೆ ಆಗುವುದಿಲ್ಲ. ಅದು ಆರಿದರೆ ಕೆಲಸ ನಿಲ್ಲುತ್ತದೆ, ಹಾಗಾಗಿ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಟ್ಟೆವು. ಮಳೆಗಾಲ ನಮಗೆ ಉಪಕಾರ ಮಾಡಿದ್ದು ಇದೊಂದರಲ್ಲಿ. ವಿನೆಗರ್ ಹಾಕೋಣವಾ ಅಂತ ಮಗ ಕೇಳಿದರು. ಟೈಲ್ಸ್‌ಗೆ ಪರವಾಗಿಲ್ಲ. ಕಾವಿ ನೆಲದಲ್ಲಿ ಇರುವುದು ಸಿಮೆಂಟು, ಹುಳಿ ಅದನ್ನು ತಿನ್ನುತ್ತದೆ, ಹೊಳಪು ಹೋಗುತ್ತದೆ. ಅಷ್ಟು ಹಳೆಯ ನೆಲವನ್ನು ಹಾಳು ಮಾಡಲು ನನಗೆ ಮನಸ್ಸಿಲ್ಲ.

ಒಂದು ಸುತ್ತು ಸಾಲಲಿಲ್ಲ, ಪುನಃ ಮಾಡಿದೆವು. ಬಿರುಕಿಗೆ ಬಣ್ಣ ಸೇರಿಸಿದ ಸಿಮೆಂಟು ತುಂಬಿಸಿದರು. ಬೀದಿನಾಯಿಗೆ ಗೇಟಿನ ಹತ್ತಿರ, ಶೆಡ್ಡಿನ ಕೆಳಗೆ ಜಾಗ ಮಾಡಿಕೊಟ್ಟರು. ಬ್ರೂನೋನನ್ನು ರಾತ್ರಿ ಮಲಗುವ ಮೊದಲು ಕೊಡೆ ಹಿಡಿದು ಹೊರಗೆ ಕರೆದುಕೊಂಡು ಹೋಗುವ ಕೆಲಸ ಮಗನ ಪಾಲಿಗೆ ಬಂತು.

ಚೌತಿಯ ಹೊತ್ತಿಗೆ

ವಾಸನೆ ಹೋಯಿತಾ ಎಂದು ಮನೆಯವರನ್ನು ಕೇಳಿ ಪ್ರಯೋಜನ ಇಲ್ಲ, ನನ್ನ ಮೂಗಿಗೂ ಆ ಮನೆ ಅಭ್ಯಾಸವಾಗಿತ್ತು. ನಾಯಿ ಸಾಕದ ಪಕ್ಕದ ಮನೆಯ ಅಕ್ಕನನ್ನು ಕರೆದು, ಹೇಳದೆ ಕೇಳದೆ ಒಳಗೆ ಕೂರಿಸಿ ಚಾ ಕೊಟ್ಟರು. ಹಾಲ್‌ನಲ್ಲಿ ಏನೂ ಹೇಳಲಿಲ್ಲ. ಚಾವಡಿ ದಾಟಿ ಹಿತ್ತಿಲ ಬಾಗಿಲಿನ ಹತ್ತಿರ ಹೋದಾಗ, "ಇಲ್ಲಿ ಸ್ವಲ್ಪ ಎಂತದೋ ಉಂಟು" ಅಂದರು. ಅದು ದಾರಂದ. ನೆಲಕ್ಕೆ ಇಳಿಸಿದ ಹಾಗೆ ಮರದೊಳಗೆ ಕ್ಲೀನರ್ ಇಳಿಸಲು ಆಗುವುದಿಲ್ಲ. ಒದ್ದೆ ಮರವನ್ನು ಉಜ್ಜಿ ವಾರ್ನಿಷ್ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಮರ ಕುಂಬಾಗುತ್ತದೆ.

ಬ್ರೂನೋನನ್ನು ಹೊರಗೆ ಕಟ್ಟಿದ್ದರೆ ಏನಾಗುತ್ತಿತ್ತು? ಕಿವಿ ಹಾಗೇ ಇರುತ್ತಿತ್ತು, ಚೀಲ ಹಾಗೇ ಇರುತ್ತಿತ್ತು, ಸೋಫಾ ದಾರಂದ ಎರಡೂ ನಾರುತ್ತಿದ್ದವು. ಅಮ್ಮನಿಗೆ ಇದನ್ನು ಹೇಳಿದೆ. "ಆಯ್ತು, ಒಳಗೆ ಇರ್ಲಿ. ಹೋಮದ ದಿನ ಮಾತ್ರ ದೇವರ ಕೋಣೆಯ ಹತ್ತಿರ ಬಿಡುದು ಬೇಡ" ಅಂದರು. ಆ ದಿನ ಮಗ ಅವನನ್ನು ಮಹಡಿಯ ಕೋಣೆಯಲ್ಲಿ ಇಟ್ಟುಕೊಂಡರು.

ಸದ್ಯ ಕಿವಿ ನೋಡುವುದು ಮೊಮ್ಮಗಳ ಕೆಲಸ. ಭಾನುವಾರ ಹಾಳೆ ಎತ್ತಿ ಮೂಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಟಿಕ್ ಹಾಕುತ್ತಾಳೆ. ಬಲಕಿವಿ ಮತ್ತೆ ಕೆಂಪಾದರೆ ಅಲರ್ಜಿಯ ದಾರಿಯಲ್ಲಿ ನೋಡಬೇಕು ಎಂದು ಡಾಕ್ಟ್ರು ಹೇಳಿದ್ದಾರೆ. ಸಂತಾನಹರಣ ಚಿಕಿತ್ಸೆಯ ವಿಷಯ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಗುರುತು ಹಾಕುವ ಚಟ ಅದರಿಂದ ಹಲವು ಗಂಡು ನಾಯಿಗಳಲ್ಲಿ ಕಡಿಮೆಯಾಗುತ್ತದೆ, ಎಲ್ಲದರಲ್ಲೂ ಅಲ್ಲ. ಆರು ವರ್ಷದ ಅಭ್ಯಾಸ ಬೇರೆ. ದಾರಂದಕ್ಕೆ ಜನವರಿಯಲ್ಲಿ, ಮರ ಪೂರ್ತಿ ಒಣಗಿದ ಮೇಲೆ, ಆಚಾರಿಯವರು ಬಂದು ಕೀಸುಳಿ ಹಾಕಿ ವಾರ್ನಿಷ್ ಬಳಿಯುತ್ತಾರೆ. ಅಲ್ಲಿಯವರೆಗೆ ಅದರ ಬುಡಕ್ಕೆ ಒಂದು ಟೈಲ್ಸ್ ತುಂಡು ಒರಗಿಸಿಟ್ಟಿದ್ದೇವೆ, ಅವನು ಕಾಲೆತ್ತಿದರೂ ತೊಳೆಯಲು ಸುಲಭ ಆಗಲಿ ಅಂತ.